ಉಸುಕಿನಜ್ಜನ ಗದ್ದುಗೆ

ದೊಡವಾಡದ ವಿರೂಪಾಕ್ಷಪ್ಪ ಸಮುದ್ರ ನೋಡಿದ ಮನುಷ್ಯ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಅದು ಗೊತ್ತಿಲ್ಲದೇ ಇದ್ದದ್ದು ಸಮುದ್ರಕ್ಕೆ ಮಾತ್ರ.

ಅವನು ಬೈಲಹೊಂಗಲ–ಧಾರವಾಡ ಬಸ್ಸಿನಲ್ಲಿ ಕಂಡಕ್ಟರ್ ಆಗಿ ದುಡಿದು ನಿವೃತ್ತನಾದವನು. ಆಯುಷ್ಯವಿಡೀ ಅದೇ ರಸ್ತೆಯಲ್ಲಿ ಹೋಗಿ ಅದೇ ರಸ್ತೆಯಲ್ಲಿ ತಿರುಗಿ ಬಂದವನಿಗೆ ಸಮುದ್ರ ಎಲ್ಲಿ ಸಿಗಬೇಕು? ಸಿಕ್ಕದ್ದು ಧಾರವಾಡ ಬಸ್‌ಸ್ಟ್ಯಾಂಡಿನ ವಿಶ್ರಾಂತಿ ಕೋಣೆಯಲ್ಲಿ. ಕರಾವಳಿ ಕಡೆಯಿಂದ ಬರುತ್ತಿದ್ದ ಕಂಡಕ್ಟರುಗಳು ಅಲ್ಲಿ ಚಹಾ ಕುಡಿಯುತ್ತ ತಮ್ಮೂರ ಸುದ್ದಿ ಹೇಳುತ್ತಿದ್ದರು. ತೆರೆ ಎಷ್ಟೆತ್ತರ ಏಳುತ್ತದೆ, ಹುಣ್ಣಿಮೆಗೆ ನೀರು ಎಲ್ಲಿಯವರೆಗೆ ಬರುತ್ತದೆ, ಹೆಜ್ಜೆಯೇ ಬೀಳದ ಉಸುಕಿನ ದಂಡೆ ಎಲ್ಲಿದೆ. ವಿರೂಪಾಕ್ಷಪ್ಪ ಆ ಸುದ್ದಿಯನ್ನೆಲ್ಲ ಸಂಜೆಯ ಗಾಡಿಗೆ ಹತ್ತಿಸಿಕೊಂಡು ಬಂದು ದೊಡವಾಡದ ಕಟ್ಟೆಯ ಮೇಲೆ ತನ್ನದೆಂದು ಇಳಿಸುತ್ತಿದ್ದ. ಇದರಿಂದ ಯಾರಿಗೂ ಏನೂ ತೊಂದರೆಯಿರಲಿಲ್ಲ. ಅದೇನಿದ್ದರೂ ಸಮುದ್ರದ ಗೌರವ ಹೆಚ್ಚಿಸುವಂಥ ಸುಳ್ಳು.

ತಕರಾರು ತೆಗೆಯುತ್ತಿದ್ದವನು ಮಗ್ಗುಲು ಮನೆಯ ಶಟ್ಟೆಪ್ಪ ಒಬ್ಬನೇ. ಹೊಲದ ಬದುವಿನ ವ್ಯಾಜ್ಯಗಳಲ್ಲಿ ಪಳಗಿದ ಅವನಿಗೆ ಯಾವ ಮಾತಿಗೂ ಸಾಕ್ಷಿ ಬೇಕು.

"ವಿರುಪಣ್ಣಾ, ಒಂದ ಮಾತು ಹೇಳು. ಸಮುದ್ರ ಯಾ ಕಡೆ ಹರೀತೈತಿ?"

"ಪಶ್ಚಿಮಕ್ಕ," ಎಂದಿದ್ದ ವಿರೂಪಾಕ್ಷಪ್ಪ, ಒಂದು ಕ್ಷಣವೂ ತಡೆಯದೆ. ಟಿಕೆಟ್ ಕೇಳಿದವನಿಗೆ ತಡೆದು ಉತ್ತರ ಕೊಡುವ ರೂಢಿ ಅವನಿಗಿರಲಿಲ್ಲ.

ಹೀಗೆ ಸುಖವಾಗಿ ನಡೆದಿದ್ದ ಸಮುದ್ರಕ್ಕೆ ತೊಡಕು ಬಂದದ್ದು ಮಗಳು ಸಪ್ನಾಳ ಹೆರಿಗೆಯಲ್ಲಿ. ಕೂಸು ಏಳನೇ ತಿಂಗಳಿಗೇ ಹುಟ್ಟಿತು. ಧಾರವಾಡದ ಆಸ್ಪತ್ರೆಯಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಆ ಪೆಟ್ಟಿಗೆಯ ಹೊರಗೆ, ಪಡಸಾಲೆಯ ನೆಲದ ಮೇಲೆ, ಅನ್ನ ನೀರು ಬಿಟ್ಟು ಕುಳಿತವಳು ರಾಚವ್ವ. ಈಕೆ ವಿರೂಪಾಕ್ಷಪ್ಪನ ಹಿರಿಯಕ್ಕ. ಈಕೆಯ ಮಗಳು ಕೆಂಪವ್ವನನ್ನೇ ಅವನು ಮದುವೆಯಾದದ್ದರಿಂದ ಅತ್ತೆಯೂ ಹೌದು. ಅಕ್ಕನಾಗಿ ಒಂದು ಸಲ ಬೈದು, ಸಾಲದಿದ್ದರೆ ಅತ್ತೆಯಾಗಿ ಇನ್ನೊಂದು ಸಲ ಬೈಯುವ ಅಧಿಕಾರ ಆಕೆಗಿತ್ತು. ಅಂಥ ರಾಚವ್ವ ಯಾರನ್ನೂ ಬೈಯದೆ ಸುಮ್ಮನೆ ಕುಳಿತದ್ದನ್ನು ನೋಡಿ ವಿರೂಪಾಕ್ಷಪ್ಪನ ಜೀವ ಹೌಹಾರಿತು. ಏನಾದರೂ ಹೇಳಬೇಕೆಂದು ಬಾಯಿಗೆ ಬಂದದ್ದನ್ನು ಹೇಳಿದ.

"ಯಕ್ಕಾ, ಸಮುದ್ರದ ತಾಯಿ ಯಾರದನ್ನೂ ಇಟಗೊಳ್ಳಂಗಿಲ್ಲ. ಒಯ್ದದ್ದನ್ನ ಹೊಳ್ಳಿ ತಂದು ದಂಡಿಗೆ ಬಿಡತಾಳ. ನಾ ಕಣ್ಣಾರೆ ನೋಡೇನಿ."

ರಾಚವ್ವ ಎದ್ದು ನಿಂತಳು. ಸಮುದ್ರವಿರಬಹುದೆಂದು ತನಗೆ ತೋಚಿದ ದಿಕ್ಕಿಗೆ, ಎಂದರೆ ಆಸ್ಪತ್ರೆಯ ಕ್ಯಾಂಟೀನಿನ ಕಡೆಗೆ, ತಿರುಗಿ ಕೈಮುಗಿದಳು.

"ಕಡಲ ಗಂಗವ್ವಾ, ನಮ್ಮ ಕೂಸನ್ನ ನಮಗ ಹೊಳ್ಳಿ ಕೊಡು. ನಿನ್ನ ದಂಡಿಗೆ ಬಂದು ಉಡಿ ತುಂಬತೇನಿ."

ಕೂಸು ಉಳಿಯಿತು. ಬರೇ ಉಳಿಯಲಿಲ್ಲ, ವರ್ಷ ತುಂಬುವುದರೊಳಗೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಉರುಳಿಸಿ, ಮುತ್ತಜ್ಜಿಯ ಕನ್ನಡಕ ಎರಡು ಸಲ ಮುರಿಯಿತು. ಎರಡನೇ ಸಲ ಮುರಿದ ದಿನ ರಾಚವ್ವ ಸಂತೋಷದಿಂದ ಅತ್ತು, ತಮ್ಮನನ್ನು ಕರೆದು ಹೇಳಿದಳು: "ವಿರುಪಾ, ಹರಕಿ ಭಾಳ ದಿನ ಇಟಗೋಬಾರ್ದು. ನೀ ಯಾವಾಗ್ಲೂ ಹೇಳತಿದ್ದೆಲ್ಲ, ಅಂಗಡಿ ಮುಂಗಟ್ಟು ಇಲ್ಲದ್ದು, ಉಸುಕಿನ ಮ್ಯಾಲ ಹೆಜ್ಜಿ ಬೀಳದ್ದು, ಆ ದಂಡಿಗೇ ಕರಕೊಂಡ ಹೋಗು. ನಿನಗ ಎಲ್ಲಾ ಗೊತ್ತೈತಿ."

ವಿರೂಪಾಕ್ಷಪ್ಪ ಕರಾವಳಿಯ ಹಳೆಯ ಗೆಳೆಯನೊಬ್ಬನಿಗೆ ಗುಟ್ಟಾಗಿ ಫೋನ್ ಮಾಡಿ, ಅಂಥ ದಂಡೆ ನಿಜವಾಗಿಯೂ ಇದೆಯೇ ಎಂದು ಕೇಳಿದ. ಇತ್ತು. ಕುಮಟೆಯ ಆಚೆ, ಅರಣ್ಯ ಇಲಾಖೆಯವರು ಕಾದಿಟ್ಟ ಒಂದು ದಂಡೆ. ಸುಳ್ಳು ಹೇಳಿದವನಿಗೆ ಸುಳ್ಳಿನಂಥದ್ದೇ ಜಾಗ ಇದೆಯೆಂದು ತಿಳಿದಾಗ ಆಗುವ ಸಮಾಧಾನ ದೊಡ್ಡದು. ಊರಿನ ಡ್ರೈವರ್ ಸುಭಾಸನ ಕ್ರೂಸರ್ ಗಾಡಿ ಗೊತ್ತು ಮಾಡಿದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ ಕಟ್ಟಿದರು. ಉಡಿಯ ಸಾಮಾನು ಬೇರೆ ಬಟ್ಟೆಯಲ್ಲಿ ಗಂಟಾಯಿತು: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಎಲೆ ಅಡಿಕೆ, ಮೇಲೊಂದು ಗುಳೇದಗುಡ್ಡದ ಖಣ. ಗಾಡಿ ಹೊರಡುವ ಹೊತ್ತಿಗೆ ಮುಂದಿನ ಸೀಟಿನಲ್ಲಿ ಶಟ್ಟೆಪ್ಪ ಕುಳಿತಿದ್ದ. ಅವನನ್ನು ಯಾರೂ ಕರೆದಿರಲಿಲ್ಲ.

"ಸಾಕ್ಷಿಗೆ ಒಬ್ಬ ಬೇಕಲ್ಲ," ಎಂದ.

ದಾರಿಯಲ್ಲಿ ಸುಭಾಸ, "ಕಾಕಾ, ನಿಮಗ ದಾರಿ ಗೊತ್ತೈತೆಲ್ಲ, ಎತ್ತಾಗ ಹೊಡೀಲಿ?" ಎಂದು ಕೇಳಿದಾಗಲೆಲ್ಲ ವಿರೂಪಾಕ್ಷಪ್ಪ, "ಇಳಿಜಾರ ಕಂಡ ಕಡೆ ಹೊಡಿ, ನೀರು ತೆಗ್ಗಿನ್ಯಾಗ ಇರತೈತಿ," ಎನ್ನುತ್ತಿದ್ದ. ಈ ಸಿದ್ಧಾಂತದ ಪ್ರಕಾರ ಗಾಡಿ ಎರಡು ಸಲ ಯಾರದೋ ಮನೆಯ ಅಂಗಳಕ್ಕೆ ಹೋಗಿ ನಿಂತಿತು. ಎರಡೂ ಮನೆಯವರು ಬೆಲ್ಲ ನೀರು ಕೊಟ್ಟು, ಕೂಸಿನ ಗಲ್ಲ ಸವರಿ, ಸರಿಯಾದ ದಾರಿ ತೋರಿಸಿ ಕಳಿಸಿದರು. "ನೋಡ್ರಿ, ಎಷ್ಟ ಛಲೋ ಮಂದಿ. ಇವರನ್ನೆಲ್ಲ ತೋರಸಬೇಕಂತ ಈ ದಾರಿಲೆ ತಂದೆ," ಎಂದ ವಿರೂಪಾಕ್ಷಪ್ಪ.

ಹೀಗಾಗಿ ಬೆಳಿಗ್ಗೆ ಬಿಟ್ಟವರು ದಂಡೆಯ ಗೇಟಿಗೆ ಮುಟ್ಟಿದಾಗ ಬಿಸಿಲು ಇಳಿದಿತ್ತು.

ಗೇಟಿನಲ್ಲಿ ಖಾಕಿ ಅಂಗಿ, ಖಾಕಿ ಪ್ಯಾಂಟು ತೊಟ್ಟ ಒಬ್ಬ ಹುಡುಗಿ ನಿಂತಿದ್ದಳು. ಅರಣ್ಯ ಇಲಾಖೆಯ ಗಾರ್ಡು. ಅವಳು ಪುಸ್ತಕದ ಭಾಷೆಯಲ್ಲಿ ಶುರು ಮಾಡಿದಳು: "ಪ್ಲಾಸ್ಟಿಕ್ ಇದ್ದರೆ ಇಲ್ಲೇ ಬಿಡಿ. ಶಂಖ, ಕಪ್ಪೆಚಿಪ್ಪು, ಮರಳು ಒಯ್ಯುವಂತಿಲ್ಲ. ನೀರಿಗೆ ಏನನ್ನೂ ಹಾಕುವಂತಿಲ್ಲ."

"ಯವ್ವಾ, ಉಂಡೀ ಏನ?" ಎಂದಳು ರಾಚವ್ವ, ಆ ಪುಸ್ತಕದ ಭಾಷೆ ತಲೆಗೆ ಹತ್ತದೆ.

ಹುಡುಗಿಯ ಮುಖ ಅರಳಿತು. "ಎಲ್ಲಿಯವರ್ರಿ ಯವ್ವಾ? ಇಲ್ಲಿಗೆ ಬಂದ ಮ್ಯಾಲ ಹಿಂಗ ಯಾರೂ ಕೇಳಿಲ್ರಿ ನನ್ನ. ನಾ ರಾಮದುರ್ಗದಾಕಿ, ಮಾಲಾ ಅಂತ."

ರಾಚವ್ವ ಕೂಡಲೇ ರಾಮದುರ್ಗದ ತನ್ನ ಬಂಧುಬಳಗವನ್ನೆಲ್ಲ ಎಣಿಸಿ, ಮಾಲಾಳಿಗೂ ತನಗೂ ಏನಾದರೂ ಸಂಬಂಧ ಹತ್ತುತ್ತದೆಯೇ ಎಂದು ಹುಡುಕಿದಳು. ಹತ್ತಲಿಲ್ಲ. "ಇರಲಿ, ರಾಮದುರ್ಗ ಏನ ದೂರಲ್ಲ," ಎಂದು ಅವಳ ಕೈಗೆ ಎರಡು ರೊಟ್ಟಿ ಇಟ್ಟು, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಮುಂದೆ ನಡೆದಳು.

ಹಿಂದೆ ಉಳಿದ ವಿರೂಪಾಕ್ಷಪ್ಪ ಕೇಳಿದ: "ಅಲ್ಲ ತಂಗೀ, ಒಂದ ಸಣ್ಣ ಉಡಿ... ಅಕ್ಕಿ, ಕೊಬ್ಬರಿ, ಒಂದ ಖಣ... ನೀರಿಗೆ ಬಿಟ್ರ?"

"ಕೇಸ್ ಆಗತೈತ್ರಿ ಅಜ್ಜಾರ. ನಮ್ಮ ಕಡೆಯವರು ಅಂದ್ರ ಎಲ್ಲಾರಕಿಂತ ಹೆಚ್ಚ ನಿಯಮ ಪಾಲಿಸಬೇಕ್ರಿ."

ಈ ಮಾತು ರಾಚವ್ವನಿಗೆ ಕೇಳಿಸಿರಲಿಲ್ಲ. ಅವಳ ನಡುವಿನಲ್ಲಿ ಉಡಿಯ ಗಂಟು ಭದ್ರವಾಗಿತ್ತು. ಆ ಗಂಟು ನೀರಿಗೆ ಹೋದರೆ ಕೇಸು, ಹೋಗದಿದ್ದರೆ ಹರಕೆ ಬಾಕಿ. ಕೂಸಿನ ಹರಕೆ ಬಾಕಿ ಉಳಿದರೆ ಅಕ್ಕನ ಎದೆಗೆ ಏನಾಗುತ್ತದೆಂದು ವಿರೂಪಾಕ್ಷಪ್ಪನಿಗೆ ಗೊತ್ತಿತ್ತು. ಆಸ್ಪತ್ರೆಯ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದ ಆ ಮುಖವನ್ನು ಅವನು ಇನ್ನೊಮ್ಮೆ ನೋಡಲಾರ. ಜೇಬಿನಲ್ಲಿದ್ದ ಕಂಡಕ್ಟರಿಕೆಯ ಕಾಲದ ಹಳೆಯ ಸೀಟಿಯನ್ನು ಒಮ್ಮೆ ಮುಟ್ಟಿಕೊಂಡ. ನಿವೃತ್ತನಾದರೂ ಅದನ್ನು ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ.

ಗಾಳಿಮರಗಳ ಸಾಲು ದಾಟಿದ ಕೂಡಲೇ ದಂಡೆ ಕಾಣಿಸಿತು.

ಎಂಥ ದಂಡೆ! ಒಂದು ಅಂಗಡಿಯಿಲ್ಲ, ಒಂದು ಚೀಟಿ ಕಾಗದವಿಲ್ಲ. ತೆರೆ ಒರೆಸಿ ಹೋದ ಉಸುಕಿನ ಮೇಲೆ ಏಡಿಗಳು ಓಡಾಡಿದ ಗೆರೆ ಬಿಟ್ಟರೆ ಮತ್ತೇನೂ ಇರಲಿಲ್ಲ. ಅದರಾಚೆಗೆ ನೀರು, ನೀರಿನಾಚೆಗೂ ನೀರು. ವಿರೂಪಾಕ್ಷಪ್ಪ ಇಷ್ಟು ವರ್ಷ ಹೇಳಿದ ಸುಳ್ಳೆಲ್ಲ ಈ ನೀರಿನ ಮುಂದೆ ಬಹಳ ಕಡಿಮೆ ಬಿತ್ತು. ಅವನು ಬಾಯಿ ತೆರೆದು ನಿಂತುಬಿಟ್ಟ.

ಕೆಂಪವ್ವ ಮೊಣಕೈಯಿಂದ ತಿವಿದಳು. "ಬಾಯಿ ಮುಚ್ಚರಿ. ಮೊದಲನೇ ಸಲ ನೋಡಿದವರಂಗ ಕಾಣತೀರಿ."

"ನಿನಗ ಗೊತ್ತಿತ್ತೇನು?"

"ಲಗ್ನಾದಾಗಿಂದ," ಎಂದು ಕೆಂಪವ್ವ ಸೆರಗು ಸರಿ ಮಾಡಿಕೊಂಡಳು.

ಶಟ್ಟೆಪ್ಪ ಮೊದಲು ನೋಡಿದ್ದು ನೀರನ್ನಲ್ಲ, ಉಸುಕನ್ನು. ಬೊಗಸೆ ತುಂಬ ಎತ್ತಿ ಬೆರಳ ಸಂದಿಯಿಂದ ಸುರಿದ. "ಅಯ್ಯಯ್ಯ, ಮನಿ ಕಟ್ಟುವಾಗ ಒಂದ ಟ್ರ್ಯಾಕ್ಟರ್ ಉಸುಕಿಗೆ ಯಾರ ಯಾರ ಕಾಲ ಹಿಡದೇನಿ ನಾನು! ಇಲ್ಲಿ ನೋಡಿದ್ರ ಹಿಂಗ ಚೆಲ್ಲಿ ಬಿಟ್ಟಾರ. ಇದರ ಸರ್ವೆ ನಂಬರ್ ಎಷ್ಟ?" ಅಷ್ಟರಲ್ಲಿ ಒಂದು ತೆರೆ ಬಂದು ಅವನ ಧೋತರ ತೊಯ್ಯಿಸಿತು. ಅವನಿಗೆ ಹಳೆಯ ವ್ಯಾಜ್ಯ ನೆನಪಾಯಿತು.

"ಏ ವಿರುಪಣ್ಣಾ, ಪಶ್ಚಿಮಕ್ಕ ಹರೀತೈತಿ ಅಂದಿದ್ದಿ. ಇದು ನಮ್ಮ ಕಡೇನ ಬರಾಕತ್ತೈತಲ್ಲ?"

"ಅದು ರಿಟರ್ನ್ ಟ್ರಿಪ್."

"ಮತ್ತ ಈಗ ಆ ಕಡೆ ಹೊಂಟಿತು?"

"ಶಟಲ್ ಸರ್ವಿಸ್ ಐತಿ. ಸುಮ್ನ ನೋಡು."

ರಾಚವ್ವ ಮಾತ್ರ ಬಹಳ ಹೊತ್ತು ನಿಂತು ನೋಡಿದಳು. ಕೊನೆಗೆ, "ಬಾವ್ಯಾಗಿನ ನೀರಿಗೆ ಹಗ್ಗಾ ಜಗ್ಗಿ ಜಗ್ಗಿ ಅಂಗೈ ಸವದು ಹ್ವಾದವು. ಇಲ್ಲಿ ನೋಡಿದ್ರ ಇಷ್ಟ ಇಟಗೊಂಡು ಕುಂತಾಳ ತಾಯಿ," ಎಂದು ಕೂಸಿನ ಎರಡೂ ಕೈ ಹಿಡಿದು ಮುಗಿಸಿದಳು. ಆಮೇಲೆ ಅದನ್ನು ಸಪ್ನಾಳ ಕೈಗೆ ಕೊಟ್ಟು, ನಡುವಿನ ಗಂಟು ಬಿಚ್ಚುತ್ತ ನೀರಿನ ಕಡೆಗೆ ಹೊರಟಳು.

ಅದೇ ಹೊತ್ತಿಗೆ ದಂಡೆಯ ಆ ತುದಿಯಲ್ಲಿ ಖಾಕಿ ಬಣ್ಣ ಕಾಣಿಸಿತು. ಮಾಲಾ ಗಸ್ತು ಹೊರಟಿದ್ದಳು.

ವಿರೂಪಾಕ್ಷಪ್ಪ ಸುತ್ತ ನೋಡಿದ. ಒಂದು ಮಾರ್ಗ ಬೇಕಿತ್ತು, ದೇವರು ಒಂದು ಗದ್ದುಗೆಯನ್ನೇ ತೋರಿಸಿದ. ದಂಡೆಯ ಮೇಲ್ಭಾಗದಲ್ಲಿ ಉಸುಕಿನ ಸಣ್ಣ ಗುಂಪೆ, ಸುತ್ತಲೂ ಕೋಲು ನೆಟ್ಟು ಕಟ್ಟಿದ ಬಲೆ, ಮೂಲೆಗೊಂದು ಕೇಸರಿ ಬಾವುಟ, ಎದುರಿಗೆ ಮರದ ಹಲಗೆ. ಹಲಗೆಯ ಮೇಲೆ ಬಣ್ಣದಲ್ಲಿ ಬರೆದದ್ದು ಹನ್ನೊಂದು ಎಂಬ ಅಂಕಿ ಮತ್ತು ಒಂದು ತಾರೀಖು, ಅಷ್ಟೇ. ನಮ್ಮ ಕಡೆಯ ಯಾವ ಮನುಷ್ಯನಾದರೂ ಇದನ್ನು ನೋಡಿ ಯಾರೋ ಸ್ವಾಮಿಗಳ ಸಮಾಧಿಯೆಂದಲ್ಲದೆ ಇನ್ನೇನು ತಿಳಿಯಬೇಕು?

"ಯಕ್ಕಾ, ಹೋಲ್ಡಾನ್!" ಎಂದು ಕೂಗಿದ. ರಾಚವ್ವ ನಿಂತಳು. ಐವತ್ತು ಜನರ ಬಸ್ಸು ನಿಲ್ಲಿಸಿದ ಗಂಟಲು ಅದು. "ಗಂಗವ್ವಗ ನೇರ ಉಡಿ ತುಂಬಾಂಗಿಲ್ಲ. ಮೊದಲ ಅಜ್ಜಾರ ಅಪ್ಪಣಿ ಆಗಬೇಕು. ಇಲ್ಲಿ ನೋಡು, ಗದ್ದುಗಿ ಐತಿ."

"ಯಾವ ಅಜ್ಜಾರದು?" ಎಂದ ಶಟ್ಟೆಪ್ಪ, ಹುಬ್ಬೇರಿಸಿ.

"ಉಸುಕಿನಜ್ಜಂದು. ಹನ್ನೊಂದನೇ ಪೀಠದವರು. ಲಿಂಗೈಕ್ಯರಾದ ತಾರೀಖು ಬರದಾರ ನೋಡು. ಇತ್ತೀಚಿಗೇ ಆಗ್ಯಾರ."

ಅರ್ಧ ಕಟ್ಟುಕಥೆಯಾಗಿ ಶುರುವಾದ ಈ ಮಾತನ್ನು ತಾರೀಖು ಓದುವ ಹೊತ್ತಿಗೆ ವಿರೂಪಾಕ್ಷಪ್ಪ ತಾನೇ ನಂಬಿದ್ದ. ತಾರೀಖು ಸಾಕ್ಷಿ ನುಡಿದ ಮೇಲೆ ಶಟ್ಟೆಪ್ಪನೂ ಮರುಮಾತಾಡಲಿಲ್ಲ. ಟೊಪ್ಪಿಗೆ ತೆಗೆದು ಬಗಲಲ್ಲಿಟ್ಟು ಉದ್ದಕ್ಕೆ ಅಡ್ಡಬಿದ್ದ. ರಾಚವ್ವ ಬಲೆಯ ಎದುರು ಕುಳಿತು, ಗಂಟನ್ನು ಮುಂದಿಟ್ಟು, ಹಣೆ ಉಸುಕಿಗೆ ಹಚ್ಚಿದಳು.

"ಎಲ್ಲಾ ಇಲ್ಲಿ ಏರಸಲೇನೋ?"

"ಬ್ಯಾಡ ಬ್ಯಾಡ! ಈ ಅಜ್ಜಾರು ಏನೂ ಮುಟ್ಟಂಗಿಲ್ಲ. ತೋರಿಸಿ ಹೊಳ್ಳಿ ಒಯ್ಯೋದು ಇಲ್ಲಿ ಪದ್ಧತಿ. ಅಪ್ಪಣಿ ಆಗೂತನ ಸುಮ್ನ ಕುಂತಿರು."

ಅಪ್ಪಣೆ ಆಗುವವರೆಗೆ ಕುಳಿತರೆ ಕತ್ತಲಾಗುತ್ತದೆ, ಕತ್ತಲಾದರೆ ಗೇಟು ಮುಚ್ಚುತ್ತದೆ, ಆಮೇಲೆ ನೋಡಿಕೊಳ್ಳೋಣ ಎಂಬುದು ಅವನ ಲೆಕ್ಕ. ಆದರೆ ಗದ್ದುಗೆಯ ಮುಂದೆ ಅಡ್ಡಬಿದ್ದ ಜನ ಕಂಡರೆ ಇನ್ನಷ್ಟು ಜನ ಕೂಡುತ್ತಾರೆಂಬುದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸಿರಸಂಗಿಯ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಒಂದು ಬಸ್ಸು ಮಾಡಿಕೊಂಡು ಅದೇ ದಿನ ಅದೇ ದಂಡೆಗೆ ಬಂದಿದ್ದರು. ಅವರ ಮುಂದಾಳು ಇಂದ್ರವ್ವ ದೂರದಿಂದಲೇ ಇದನ್ನು ಕಂಡು, ಇಡೀ ಸಂಘವನ್ನು ಎಳೆದುಕೊಂಡು ಬಂದಳು.

"ಯಾವ ಅಜ್ಜಾರದರಿ ಗದ್ದುಗಿ?"

"ಉಸುಕಿನಜ್ಜಂದು," ಎಂದು ಈಗ ಉತ್ತರ ಕೊಟ್ಟವನು ಶಟ್ಟೆಪ್ಪ. ನಂಬಿಕೆ ಬಂದಮೇಲೆ ಅವನು ಅರ್ಧಕ್ಕೆ ನಿಲ್ಲುವ ಮನುಷ್ಯನಲ್ಲ. "ಭಾಳ ಜಾಗೃತ. ನಮ್ಮ ವಿರುಪಣ್ಣ ಇವರ ಹಳೇ ಭಕ್ತ, ಮೂವತ್ತ ವರ್ಷದಿಂದ ಬರತಾನ."

"ಅಯ್ ಶಿವನ! ನಮಗ್ಯಾರೂ ಹೇಳಲೇ ಇಲ್ಲ ನೋಡ್ರಿ," ಎಂದಳು ಇಂದ್ರವ್ವ. "ನಡೀರಿ ನಡೀರಿ, ಕಾಯಿ ತಗೀರಿ, ಊದಿನಕಡ್ಡಿ ತಗೀರಿ!"

ಇಡೀ ಸಂಘ ಬಲೆಯ ಮೇಲೆ ಬೀಳುವುದರಲ್ಲಿತ್ತು. ಗದ್ದಲವಾದರೆ ಮಾಲಾ ಬರುತ್ತಾಳೆ, ಬಂದರೆ ಉಡಿಯ ಗಂಟು ಕಾಣುತ್ತದೆ. ವಿರೂಪಾಕ್ಷಪ್ಪನ ಕೈ ತಾನಾಗಿ ಜೇಬಿಗೆ ಹೋಯಿತು. ಸೀಟಿ ಸಣ್ಣಗೆ ಒಮ್ಮೆ ಕೂಗಿತು.

"ಹಿಂದ ಸರೀರಿ! ಪಾಳಿ ಹಚ್ಚರಿ, ಪಾಳಿ! ಒಬ್ಬೊಬ್ಬರ ಬರ್ರಿ. ಚಪ್ಪಲ ಗಿಡದ ಕಡೆ ಬಿಡ್ರಿ. ಕಾಯಿ ಒಡ್ಯಾಂಗಿಲ್ಲ, ಅಜ್ಜಾರಿಗೆ ಸಪ್ಪಳ ಆಗಿಬರಂಗಿಲ್ಲ. ಊದಿನಕಡ್ಡಿ ಹಚ್ಚಂಗಿಲ್ಲ, ಬೆಳಕ ಆಗಿಬರಂಗಿಲ್ಲ. ಬಲಿ ಮುಟ್ಟಬ್ಯಾಡ್ರಿ, ದೂರಿಂದ ಕೈ ಮುಗೀರಿ. ಕಾಗದಾ ಗೀಗದಾ ಒಗದ್ರ ಶಾಪ ತಟ್ಟತೈತಿ. ಏ ತಂಗೀ, ಫೋಟೋ ಇಲ್ಲ!"

"ಭಾಳ ಕಡಕ್ ಅಜ್ಜಾರ ಅದಾರ," ಎಂದು ಇಂದ್ರವ್ವ ಭಕ್ತಿಯಿಂದ ಪಿಸುಗುಟ್ಟಿ, ಯಾರೋ ಬೀಳಿಸಿದ ಚಾಕಲೇಟಿನ ಹಾಳೆಯನ್ನು ತಾನೇ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಪಾಳಿ ದಂಡೆಯುದ್ದಕ್ಕೂ ಬೆಳೆಯಿತು. ಅತ್ತಿತ್ತ ತಿರುಗಾಡುತ್ತಿದ್ದ ಬೇರೆ ಊರಿನವರೂ ಬಂದು ಸೇರಿದರು. ಎಲ್ಲರೂ ಬರಿಗಾಲಲ್ಲಿ, ಎಲ್ಲರೂ ಮೌನವಾಗಿ ನಿಂತಿದ್ದರು. ಗಾಳಿಯ ಸದ್ದು, ತೆರೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆ ಮೌನವೇ ಮಾಲಾಳನ್ನು ಕರೆತಂದಿತು.

ಅವಳು ಬಂದು ನೋಡಿ ದಂಗಾಗಿ ನಿಂತಳು. ಪಾಳಿಯನ್ನು ನೋಡಿದಳು, ಚಪ್ಪಲಿಗಳ ಸಾಲನ್ನು ನೋಡಿದಳು, ಸ್ವಚ್ಛ ಉಸುಕನ್ನು ನೋಡಿದಳು. "ಯಾರು ಮಾಡಿದ್ದ್ರಿ ಇದನ್ನ?"

ಇಡೀ ಪಾಳಿ ವಿರೂಪಾಕ್ಷಪ್ಪನ ಕಡೆಗೆ ಬೆರಳು ತೋರಿಸಿತು. ಕೇಸು ಖಚಿತವಾಯಿತೆಂದುಕೊಂಡ ಅವನು ಕೈಜೋಡಿಸಿದ. "ತಪ್ಪಾತು ತಂಗೀ. ಅಜ್ಜಾರ ಗದ್ದುಗಿ ಕಂಡೂ ಹೆಂಗ ಸುಮ್ನ ಹೋಗೂದು ಅಂತ..."

"ಗದ್ದುಗಿ?" ಮಾಲಾ ಒಮ್ಮೆ ಬಲೆಯನ್ನೂ ಒಮ್ಮೆ ಅವನನ್ನೂ ನೋಡಿದಳು. "ಅಜ್ಜಾರ, ಇದು ಆಮಿ ಗೂಡ್ರಿ. ಕಡಲಾಮಿ. ತಾಯಿ ಬಂದು ಉಸುಕಿನ್ಯಾಗ ತೆಗ್ಗ ತೋಡಿ ತತ್ತಿ ಇಟ್ಟು ಹೋಗೇತಿ. ಇದು ಈ ಸಲದ ಹನ್ನೊಂದನೇ ಗೂಡು. ತತ್ತಿ ಇಟ್ಟ ತಾರೀಖ ಬರದೇವಿ."

ಪಾಳಿಯಲ್ಲಿದ್ದವರೆಲ್ಲ ಕತ್ತು ಚಾಚಿ ಬಲೆಯೊಳಗೆ ಇಣುಕಿದರು. ಮೊದಲು ಕೇಳಿದವನು ಶಟ್ಟೆಪ್ಪ. ಅವನ ಹಣೆಯ ಮೇಲೆ ಉಸುಕು ಇನ್ನೂ ಹಾಗೇ ಇತ್ತು.

"ಅಂದ್ರ... ನಾ ಅಡ್ಡಬಿದ್ದದ್ದು ತತ್ತಿಗೆ?"

"ನೂರಕ್ಕೂ ಹೆಚ್ಚ ಇರತಾವ್ರಿ," ಎಂದಳು ಮಾಲಾ, ಸಮಾಧಾನ ಹೇಳುವವಳಂತೆ.

ಶಟ್ಟೆಪ್ಪನ ಮನೆಯಲ್ಲಿ ತತ್ತಿಯ ಹೆಸರನ್ನೂ ಎತ್ತುವುದಿಲ್ಲ. ಮೊಮ್ಮಗ ಶಾಲೆಯಲ್ಲಿ ತಿಂದು ಬಂದರೆ ಅವನಿಗೆ ಹಿತ್ತಲಲ್ಲಿ ಸ್ನಾನ. ಇಂದ್ರವ್ವನ ಸಂಘದ ಅರ್ಧ ಜನ ಮುಗಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಹಿಡಿದಿದ್ದರು. ವಿರೂಪಾಕ್ಷಪ್ಪ ಮಾತ್ರ ಯಾರನ್ನೂ ನೋಡಲಿಲ್ಲ. ಅವನ ಕಣ್ಣು ಅಕ್ಕನ ಮೇಲಿತ್ತು. ರಾಚವ್ವ ಗಂಟನ್ನು ಎತ್ತಿ ಎದೆಗವಚಿಕೊಂಡಿದ್ದಳು. ತಮ್ಮ ತನ್ನನ್ನು ನೀರಿನ ದಾರಿಯಲ್ಲಿ ತಡೆದದ್ದು ಯಾಕೆಂದು ಅವಳಿಗೆ ಈಗ ಹೊಳೆಯುತ್ತಿತ್ತು; ಮುಖ ಆಸ್ಪತ್ರೆಯ ನೆಲದ ಮೇಲೆ ಇದ್ದಂತೆಯೇ ಇತ್ತು.

"ವಿರುಪಾ," ಎಂದಳು ಕೊನೆಗೆ, "ಗಂಗವ್ವಗ ಉಡಿ ತುಂಬಾಕ ಬಿಡಂಗಿಲ್ಲೇನ ಇಲ್ಲಿ?"

"ಇಲ್ಲ ಯಕ್ಕಾ."

"ನಿನಗ ಗೊತ್ತಿತ್ತೇನ?"

"ಗೇಟಿನ್ಯಾಗ ಗೊತ್ತಾತು." ಇನ್ನು ಬಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಗೊತ್ತಿರಲಾರದ್ದು ಭಾಳ ಐತಿ. ನಾ ಸಮುದ್ರ ನೋಡೇ ಇರಲಿಲ್ಲ. ಇವತ್ತ ನೋಡಿದೆ. ಒಯ್ದದ್ದನ್ನ ಹೊಳ್ಳಿ ಕೊಡತಾಳ ಅಂತ ಆಸ್ಪತ್ರ್ಯಾಗ ಹೇಳಿದ್ನೆಲ್ಲ, ಅದೂ ಯಾರೋ ಹೇಳಿದ್ದ. ನೀ ಸುಮ್ನ ಕುಂತಿದ್ದಿ, ನೋಡಾಕ ಆಗಲಿಲ್ಲ, ಹೇಳಿಬಿಟ್ಟೆ."

ಸಾಕ್ಷಿಗೆಂದು ಬಂದ ಶಟ್ಟೆಪ್ಪನಿಗೆ ಇಷ್ಟು ವರ್ಷ ಬೇಕಾಗಿದ್ದ ಸಾಕ್ಷಿ ಸಿಕ್ಕಿತ್ತು. ಆದರೆ ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಅವನು ಬಲೆಯ ಒಳಗೆ ನೋಡುತ್ತಿದ್ದ.

"ಏ... ಉಸುಕು ಕುಸಿಯಾಕತ್ತೈತಿ!"

ಗುಂಪೆಯ ನಡುವೆ ತಗ್ಗು ಬಿದ್ದಿತ್ತು. ತಗ್ಗಿನಿಂದ ಕರಿಯದೊಂದು ಮೂತಿ ಹೊರಬಂತು.

ಅದರ ಹಿಂದೆ ಇನ್ನೊಂದು. ಆಮೇಲೆ ಉಸುಕೇ ಕುದಿಯತೊಡಗಿದಂತೆ ಹತ್ತು, ಇಪ್ಪತ್ತು, ಒಂದರ ಬೆನ್ನ ಮೇಲೆ ಒಂದು. ಉತ್ತತ್ತಿಗಿಂತ ಸ್ವಲ್ಪ ದೊಡ್ಡವು, ಅಷ್ಟೇ. ಮಾಲಾ ಓಡಿಹೋಗಿ ಸಮುದ್ರದ ಕಡೆಯ ಬಲೆ ಎತ್ತಿದಳು. "ಯಾರೂ ಮುಟ್ಟಬ್ಯಾಡ್ರಿ! ಮೊಬೈಲ್ ಬೆಳಕ ಹಾಕಬ್ಯಾಡ್ರಿ! ಅವಕ್ಕ ದಾರಿ ಬೇಕು!" ಆದರೆ ಅವಳ ದನಿ ಯಾರಿಗೆ ಕೇಳಬೇಕು? ಪಾಳಿ ಮುರಿದಿತ್ತು. ಎಲ್ಲರೂ ಒಂದೇ ಸಲ ಮುಂದೆ ನುಗ್ಗಿದರು. ಮರಿಗಳು ಎದ್ದ ಜಾಗಕ್ಕೂ ನೀರಿಗೂ ನಡುವೆ ಬರೀ ಕಾಲುಗಳು.

ಆಗ ಕೂಗಿತು ನೋಡಿ ಸೀಟಿ, ಬೈಲಹೊಂಗಲದ ಸಂತೆಯ ದಿನ ಕೂಗಿದಂತೆ.

"ಹೋಲ್ಡಾನ್! ಕಾಲ ಎತ್ತಬ್ಯಾಡ್ರಿ ಯಾರೂ! ಇದ್ದಲ್ಲೇ ನಿಂದರ್ರಿ! ಈ ಕಡಿಯವರು ಈ ಕಡಿ, ಆ ಕಡಿಯವರು ಆ ಕಡಿ. ನಡಕ ದಾರಿ ಬಿಡ್ರಿ, ಪ್ಯಾಸೆಂಜರ್ ಹೊಂಟಾರ! ಇಂದ್ರವ್ವಾರ, ನಿಮ್ಮ ಮಂದಿ ಹಿಂದ! ಶಟ್ಟೆಪ್ಪ, ಆ ಧೋತರ ಮ್ಯಾಲೆತ್ತು, ಅಡ್ಡ ಬರತೈತಿ!"

ಗುಂಪು ಎರಡಾಗಿ ಸೀಳಿತು. ನಡುವೆ ಉಸುಕಿನ ದಾರಿ ನೀರಿನವರೆಗೂ ತೆರೆದುಕೊಂಡಿತು. ಮರಿಗಳು ಆ ದಾರಿಗೆ ಇಳಿದವು. ಕೆಲವು ಓಡಿದವು, ಕೆಲವು ಪಲ್ಟಿಯಾಗಿ ಕಾಲು ಬಡಿದು ಎದ್ದವು. ವಿರೂಪಾಕ್ಷಪ್ಪ ದಾರಿಯ ಪಕ್ಕದಲ್ಲಿ ಬಗ್ಗಿ, ಕೈ ಬೀಸುತ್ತ, ಆಯುಷ್ಯವಿಡೀ ಹೇಳಿದ ಮಾತನ್ನೇ ಹೇಳತೊಡಗಿದ.

"ಮುಂದ ಹೋಗ್ರಿ, ಮುಂದ ಹೋಗ್ರಿ, ಒಳಗ ಭಾಳ ಜಾಗಾ ಐತಿ!"

ಆ ಮಾತು ಅವನ ನೌಕರಿಯಲ್ಲಿ ಒಂದು ದಿನವೂ ನಿಜವಾಗಿರಲಿಲ್ಲ. ಇವತ್ತು ಆಯಿತು.

ತೆರೆಗಳು ಬಂದು ಒಂದೊಂದು ಹಿಂಡನ್ನು ಎತ್ತಿಕೊಂಡು ಹೋದವು. ಸಪ್ನಾಳ ಕಂಕುಳಲ್ಲಿದ್ದ ಕೂಸು ಪ್ರತಿಯೊಂದಕ್ಕೂ ಕೈ ಬೀಸಿ ಟಾಟಾ ಮಾಡಿತು. ಶಟ್ಟೆಪ್ಪ ಧೋತರ ಎತ್ತಿ ಹಿಡಿದುಕೊಂಡೇ, "ತತ್ತಿ ಇದ್ದರ ಇರಲಿ, ಅಡ್ಡಬಿದ್ದದ್ದಕ್ಕ ಏನೂ ಲುಕ್ಸಾನ ಆಗಲಿಲ್ಲ," ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ರಾಚವ್ವ ಮಾಲಾಳ ಹತ್ತಿರ ಬಂದಳು. "ಇವುಗಳ ತಾಯಿ ಎಲ್ಲಿ ಐತಿ?"

"ತಾಯಿ ತತ್ತಿ ಇಟ್ಟ ದಿನಾನ ಹೋಗಿಬಿಡತೈತ್ರಿ ಯವ್ವಾ. ಹೊಳ್ಳಿ ನೋಡಂಗಿಲ್ಲ."

"ಮತ್ತ ಇಷ್ಟ ದಿನ ಯಾರ ನೋಡಿದ್ರು ಇವನ್ನ?"

"ನಾವ್ರಿ. ನಾಯಿ ನರಿ ಬರತಾವ, ಮಂದಿ ಬರತಾರ. ಹಗಲು ರಾತ್ರಿ ಪಾಳಿ ಮ್ಯಾಲ ಕಾಯ್ತೇವಿ. ಈ ಗೂಡು ನಂದ ಪಾಳಿ ಇತ್ತು." ಮಾಲಾ ಕಣ್ಣೊರೆಸಿಕೊಂಡಳು. "ಇಷ್ಟ ಮಂದಿ ಇದ್ದೂ ಒಂದೂ ತುಳಿಲಾರದ ಹ್ವಾದವು. ನಾ ಒಬ್ಬಾಕೆ ಆಗಿದ್ರ ಆಗತಿರಲಿಲ್ರಿ. ಈ ಅಜ್ಜಾರಿಗೆ ಉಪಕಾರ ಹೆಂಗ ಹೇಳಲಿ? ಇದ್ರಾಗ ಹೆಣ್ಣು ಇರತಾವಲ್ರಿ, ಉಳದ ಹೆಣ್ಣು ದೊಡ್ಡವಾಗಿ ತತ್ತಿ ಇಡಾಕ ಇದ ಕಡೆ ದಂಡಿಗೇ ಹೊಳ್ಳಿ ಬರತಾವಂತ."

ರಾಚವ್ವ ಥಟ್ಟನೆ ತಿರುಗಿದಳು. "ಕೇಳಿದ್ಯೇನೋ ವಿರುಪಾ? ಒಯ್ದದ್ದನ್ನ ಹೊಳ್ಳಿ ದಂಡಿಗೆ ತಂದು ಬಿಡತಾಳ! ನೀ ಹೇಳಿದ್ದು ಖರೆ ಐತಿ. ಹೇಳಿದವನಿಗೇ ಗೊತ್ತಿರಲಿಲ್ಲ, ಅಷ್ಟ."

ಯಾವನೋ ಚಹಾ ಕುಡಿಯುತ್ತ ಆಡಿದ ಮಾತು ಅಷ್ಟು ದೂರದಿಂದ ಬಂದು ವಿರೂಪಾಕ್ಷಪ್ಪನ ಮಾನ ಉಳಿಸಿತ್ತು. ಅವನು ಆ ಗೆಳೆಯನಿಗೂ, ಸಮುದ್ರಕ್ಕೂ, ಆ ಕರಿ ಮರಿಗಳಿಗೂ ಒಟ್ಟಿಗೇ ಮನಸ್ಸಿನಲ್ಲಿ ಕೈಮುಗಿದ.

ರಾಚವ್ವ ಗಂಟು ಬಿಚ್ಚಿದಳು. ಮಾಲಾಳ ಮುಖ ಗಂಭೀರವಾಯಿತು. "ಯವ್ವಾ, ನೀರಿಗೆ..."

"ನೀರಿಗಲ್ಲ. ನಮ್ಮ ಕೂಸು ಗಾಜಿನ ಪೆಟಗ್ಯಾಗ ಇದ್ದಾಗ ಯಾರದೋ ಮಗಳು ನರ್ಸ ಆಗಿ ನಿದ್ದಿಗೆಟ್ಟು ಕಾದ್ಲು. ಹೆಸರ ಸೈತ ಕೇಳಲಿಲ್ಲ ನಾ ಆಕಿನ್ನ. ನೀನೂ ಹಂಗ ಕಾದೀ. ಗಂಗವ್ವನ ಮಕ್ಕಳನ್ನ ಕಾದಾಕಿಗೆ ತುಂಬಿದ್ರ ಗಂಗವ್ವಗ ತುಂಬಿದಂಗ. ಹಿಡಿ ಸೆರಗು."

"ಡ್ಯೂಟಿ ಮ್ಯಾಲ ಏನೂ ತಗೊಳ್ಳಾಕ ಬರಂಗಿಲ್ರಿ ಯವ್ವಾ."

"ನಾ ಕೊಡಾಕತ್ತಿಲ್ಲ, ತುಂಬಾಕತ್ತೇನಿ," ಎಂದಳು ರಾಚವ್ವ. ಈ ವಾದಕ್ಕೆ ಇಲಾಖೆಯ ಯಾವ ನಿಯಮದಲ್ಲಿಯೂ ಉತ್ತರವಿರಲಿಲ್ಲ. ಆದರೆ ಇನ್ನೊಂದು ಅಡಚಣೆ ಎದುರಾಯಿತು. "ಅಯ್, ಸೆರಗ ಎಲ್ಲೈತಿ ನಿನಗ!"

ಖಾಕಿ ಪ್ಯಾಂಟಿಗೆ ಸೆರಗು ಎಲ್ಲಿಂದ ಬರಬೇಕು? ಸಪ್ನಾ ಮುಂದೆ ಬಂದು, ಕೂಸಿಗೆ ಹೊದಿಸಿದ್ದ ದುಪಟಿಯನ್ನು ಮಾಲಾಳ ನಡುವಿಗೆ ಸುತ್ತಿ, ಎರಡು ತುದಿ ಅವಳ ಕೈಗೆ ಕೊಟ್ಟಳು. ಕೆಂಪವ್ವ ಹಣೆಗೆ ಕುಂಕುಮ ಹಚ್ಚಿದಳು. ರಾಚವ್ವ ಅಕ್ಕಿ, ಕೊಬ್ಬರಿ, ಉತ್ತತ್ತಿ, ಖಣ ಎಲ್ಲವನ್ನೂ ಬೊಗಸೆಯಿಂದ ತುಂಬಿದಳು, ಒಂದು ಕಾಳೂ ಉಸುಕಿನ ಮೇಲೆ ಬೀಳದ ಹಾಗೆ. ಸಂಘದ ಹೆಣ್ಣುಮಕ್ಕಳು ತಾವಾಗಿ ಸೋಬಾನ ಶುರು ಮಾಡಿದರು. ಸಣ್ಣ ದನಿಯಲ್ಲೇ ಹಾಡಿದರು. ಅಜ್ಜಾರಿಗೆ ಸಪ್ಪಳ ಆಗಿಬರುವುದಿಲ್ಲವೆಂಬುದನ್ನು ಅವರು ಇನ್ನೂ ಮರೆತಿರಲಿಲ್ಲ.

"ಇಲ್ಲೊಂದು ಉಳದೈತಿ," ಎಂದು ಶಟ್ಟೆಪ್ಪ ಕರೆದ.

ಎಲ್ಲಕ್ಕಿಂತ ಸಣ್ಣ ಮರಿಯೊಂದು ನೀರಿನ ಅಂಚಿಗೆ ಬಂದು ದಣಿದು ಕುಳಿತಿತ್ತು. ಎತ್ತಿ ಬಿಡಲೇ ಎಂದು ಕೇಳಿದರೆ ಮಾಲಾ ತಲೆಯಾಡಿಸಿದಳು. ಅದು ತಾನೇ ಹೋಗಬೇಕಂತೆ. ಸೂರ್ಯ ನೀರಿಗೆ ಮುಟ್ಟಿದ್ದ. ಒಂದು ತೆರೆ ಬಂತು, ಮುಟ್ಟಲಿಲ್ಲ. ಇನ್ನೊಂದು ಬಂತು, ಮರಿಯ ಮೂತಿ ತೊಯ್ಯಿಸಿ ಹೋಯಿತು. ಮರಿ ತಲೆಯೆತ್ತಿ, ನಾಲ್ಕು ಹೆಜ್ಜೆ ತೆವಳಿತು. ಮೂರನೆಯ ತೆರೆ ಬಂದು ಅದನ್ನು ಮೆಲ್ಲನೆ ಎತ್ತಿಕೊಂಡಿತು.

ರಾಚವ್ವ ಕೂಸನ್ನು ತನ್ನ ಕಂಕುಳಿಗೆ ತೆಗೆದುಕೊಂಡು, ಅದರ ನೆತ್ತಿಗೆ ಗಲ್ಲ ಒತ್ತಿ, ತಮ್ಮನ ಪಕ್ಕಕ್ಕೆ ಬಂದು ನಿಂತಳು.

"ವಿರುಪಾ, ಎಲ್ಲಾರೂ ಹತ್ತಿದ್ರೇನ?"

"ಹತ್ತಿದ್ರು ಯಕ್ಕಾ."

"ಮತ್ಯಾಕ ತಡಾ? ಹೇಳಿಬಿಡು."

ವಿರೂಪಾಕ್ಷಪ್ಪ ಸೀಟಿಯನ್ನು ಬಾಯಿಗಿಟ್ಟುಕೊಂಡ. ಯಾಕೋ ಊದಲಿಲ್ಲ. ಅದನ್ನು ಜೇಬಿಗೆ ಹಾಕಿ, ನೀರಿನ ಕಡೆ ಸ್ವಲ್ಪ ಬಗ್ಗಿ, ಮಲಗಿದ ಮಕ್ಕಳು ಏಳಬಾರದೆನ್ನುವಷ್ಟು ಸಣ್ಣ ದನಿಯಲ್ಲಿ ಹೇಳಿದ:

"ರೈಟ್... ರೈಟ್."